ಅಜ್ಜನ ಟ್ರಂಕಿನಲ್ಲಿ ಸಿಕ್ಕ ಜರ್ಮನ್ ಕಿರುಬಾಕು: ಯುದ್ಧಕಾಲದ್ದೋ, ಆಮೇಲೆ ಮಾಡಿದ್ದೋ?

ಹಲಸೂರಿನ ಮೊಮ್ಮಗ

ಎಲ್ಲರಿಗೂ ನಮಸ್ಕಾರ. ನನ್ನ ತಾಯಿಯ ತಂದೆಯವರು ಮದ್ರಾಸ್ ಸ್ಯಾಪರ್ಸ್ ಎಂಬ ಸೇನಾ ಎಂಜಿನಿಯರ್ ಪಡೆಯಲ್ಲಿದ್ದವರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಟಲಿಗೆ ಹೋಗಿ ಬಂದರೆಂಬುದು ಮನೆಯವರೆಲ್ಲರಿಗೂ ಗೊತ್ತು. ಅವರ ತಗಡಿನ ಟ್ರಂಕಿನಲ್ಲಿ ಪದಕಗಳ ಜೊತೆಗೆ ಒಂದು ಗೇಣಿನಷ್ಟು ಉದ್ದದ, ಒರೆಸಹಿತವಾದ ಪುಟ್ಟ ಬಾಕು ಸಿಕ್ಕಿದೆ. ಜರ್ಮನ್ ಭೂಸೇನೆಯ ಅಧಿಕಾರಿಗಳು ಸೊಂಟಕ್ಕೆ ತೂಗುಹಾಕಿಕೊಳ್ಳುತ್ತಿದ್ದ ಬಾಕಿನದೇ ರೂಪ, ಆದರೆ ಗಾತ್ರ ಮಾತ್ರ ಚಿಕ್ಕದು. ಹಿಡಿಗೂ ಅಲಗಿಗೂ ನಡುವಿನ ಅಡ್ಡಪಟ್ಟಿಯ ಮೇಲೆ ರೆಕ್ಕೆ ಬಿಚ್ಚಿದ ಹದ್ದು, ಅದರ ಕಾಲುಗಳಲ್ಲಿ ಸ್ವಸ್ತಿಕವಿರುವ ಮಾಲೆ, ಹಳದಿ ಬಣ್ಣದ ತಿರುಚು ಹಿಡಿ, ಮರಳು ಹರಡಿದಂಥ ಮೇಲ್ಮೈಯ ಒರೆ ಇವೆ. ಅಲಗಿನ ಬುಡದಲ್ಲಿ ಕತ್ತಿ ಹಿಡಿದು ಕುಳಿತ ಅಳಿಲಿನ ಮುದ್ರೆ ಕಾಣುತ್ತದೆ.

ಸೆರೆಸಿಕ್ಕ ಜರ್ಮನ್ ಅಧಿಕಾರಿಯೊಬ್ಬನಿಂದ ಅಜ್ಜ ಇದನ್ನು ಪಡೆದರೆಂದು ನನ್ನ ಸೋದರಮಾವ ಹೇಳುತ್ತಾರೆ. ಹಳೆಯ ಸಾಮಾನಿನ ವ್ಯಾಪಾರಿಯೊಬ್ಬರು ಒಳ್ಳೆಯ ಬೆಲೆಗೆ ಕೇಳಿದ್ದಾರೆ. ಇನ್ನೊಬ್ಬರು ಕೈಗೆತ್ತಿಕೊಂಡ ಕೂಡಲೇ ಇದು ಇತ್ತೀಚಿನ ಎರಕದ ಮಾಲು ಎಂದು ಪಕ್ಕಕ್ಕಿಟ್ಟರು. ಮಾರುವ ಉದ್ದೇಶ ನನಗಿಲ್ಲ. ಆದರೆ ಇದು ಏನೆಂಬುದು ನನಗೆ ತಿಳಿಯಬೇಕು. ಬಲ್ಲವರು ದಯವಿಟ್ಟು ತಿಳಿಸಿ.

ಅವೆನ್ಯೂ ರಸ್ತೆ

ಅಳಿಲು ಎಂದರೆ ಜರ್ಮನಿಯ ಸೋಲಿಂಗೆನ್ ನಗರದ ಕತ್ತಿ ತಯಾರಕರಾದ ಐಕ್‌ಹಾರ್ನ್ ಸಂಸ್ಥೆಯ ಗುರುತು. ಮುದ್ರೆ ಇದೆ, ಮನೆಯ ಇತಿಹಾಸವೂ ಇದೆ, ಇನ್ನೇನು ಬೇಕು? ನಿಸ್ಸಂಶಯವಾಗಿ ಅಸಲಿ.

ಒರೆಗಲ್ಲು

ಅವೆನ್ಯೂ ರಸ್ತೆಯವರೇ, ಅಷ್ಟು ಬೇಗ ತೀರ್ಪು ಕೊಡಬೇಡಿ. ನಕಲು ಮಾಡುವವನು ಮೊದಲು ಹಾಕುವುದೇ ಮುದ್ರೆಯನ್ನು.

ಮೊಮ್ಮಗ ಅವರೇ, ಮೊದಲಿಗೆ ಒಂದು ವಿಷಯ ಸ್ಪಷ್ಟವಾಗಲಿ. ಜರ್ಮನ್ ಭೂಸೇನೆಯ ಅಧಿಕಾರಿಗಳ ಬಾಕು 1935ರಲ್ಲಿ ಜಾರಿಗೆ ಬಂತು. ಒರೆಯೂ ಸೇರಿ ಅದರ ಉದ್ದ ಸುಮಾರು 40 ಸೆಂಟಿಮೀಟರ್. ಅದು ಸಮವಸ್ತ್ರದ ಭಾಗ. ನಿಮ್ಮ ಕೈಯಲ್ಲಿರುವ ಕಿರುಬಾಕು ಹಾಗಲ್ಲ. ಅದನ್ನು ಸೇನೆ ಯಾರಿಗೂ ವಿತರಿಸಲಿಲ್ಲ, ಅದಕ್ಕೆ ಸರ್ಕಾರಿ ಅಳತೆಯೂ ಇರಲಿಲ್ಲ. ಕತ್ತಿ ತಯಾರಿಸುವ ಸಂಸ್ಥೆಗಳು ಗಿರಾಕಿಗಳಿಗೆ ಉಡುಗೊರೆಯಾಗಿ ಕೊಡಲು, ಅಂಗಡಿಗಳಿಗೆ ಮಾದರಿಯಾಗಿ ಕಳುಹಿಸಲು, ಕಾಗದ ಬಿಡಿಸುವ ಮೇಜಿನ ಚಾಕುವಾಗಿ ಮಾರಲು ಇವುಗಳನ್ನು ಮಾಡುತ್ತಿದ್ದವು. ಆದ್ದರಿಂದ ಪೂರ್ಣ ಗಾತ್ರದ ಬಾಕುಗಳಿಗೆ ಅನ್ವಯಿಸುವ ಕೋಷ್ಟಕಗಳನ್ನು ಹಿಡಿದು ಇದನ್ನು ಅಳೆಯಲು ಹೊರಟರೆ ದಾರಿ ತಪ್ಪುತ್ತದೆ.

ಎರಡನೆಯದಾಗಿ, ಅಸಲಿ, ನಕಲಿ ಎಂಬ ಎರಡೇ ಬುಟ್ಟಿಗಳು ಇಲ್ಲಿ ಸಾಲುವುದಿಲ್ಲ. 1945ಕ್ಕೆ ಮೊದಲು ಪೂರ್ತಿಯಾಗಿ ತಯಾರಾದವು ಒಂದು ಬಗೆ. ಯುದ್ಧ ಮುಗಿದಾಗ ಕಾರ್ಖಾನೆಗಳಲ್ಲಿ ಉಳಿದುಹೋಗಿದ್ದ ಬಿಡಿಭಾಗಗಳನ್ನು ಆಮೇಲೆ ಜೋಡಿಸಿ ಸೈನಿಕರಿಗೂ ಸಂಗ್ರಾಹಕರಿಗೂ ಮಾರಿದವು ಇನ್ನೊಂದು ಬಗೆ. ಇವುಗಳ ಲೋಹವೂ ಕೆಲಸವೂ ಹಳೆಯವೇ, ಜೋಡಣೆ ಮಾತ್ರ ಹೊಸತು. ಮೂರನೆಯ ಬಗೆಯವು ಪ್ರವಾಸಿಗರಿಗಾಗಿ ಬಹಿರಂಗವಾಗಿ ಮಾಡಿದ ಸ್ಮರಣಿಕೆಗಳು. ಮೋಸ ಮಾಡುವುದಕ್ಕೆಂದೇ ಹಳೆಯದರಂತೆ ತೋರಿಸಿದವು ಕೊನೆಯವು. ನಿಮ್ಮದು ಇವುಗಳಲ್ಲಿ ಯಾವುದು ಎಂಬುದೇ ಕೇಳಬೇಕಾದ ಪ್ರಶ್ನೆ, ಮತ್ತು ಅದರ ಉತ್ತರ ಬಾಕಿನಲ್ಲೇ ಇದೆ. ಯಾರ ಮಾತಿನಲ್ಲೂ ಇಲ್ಲ.

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರವೊಂದನ್ನು ಅಕ್ಕಸಾಲಿಗರ ಸಾಮಾನಿನ ಅಂಗಡಿಯಲ್ಲಿ ಕೊಂಡು, ಹದ್ದಿನ ರೆಕ್ಕೆಯನ್ನೂ ಅಳಿಲಿನ ಮುದ್ರೆಯನ್ನೂ ನೋಡಿ, ಕಂಡದ್ದನ್ನು ಇಲ್ಲಿ ಬರೆಯಿರಿ.

ನಿವೃತ್ತ ಹವಾಲ್ದಾರ್

ಒರೆಗಲ್ಲು ಅವರ ಮಾತು ಶಾಸ್ತ್ರಬದ್ಧವಾಗಿದೆ, ಆದರೆ ಕುಟುಂಬದ ಮಾತನ್ನು ಇಷ್ಟು ಸುಲಭವಾಗಿ ತಳ್ಳಿಹಾಕಿದ್ದು ನನಗೆ ಒಪ್ಪಿಗೆಯಾಗಲಿಲ್ಲ. ನಮ್ಮ ಕಡೆಯ ಎಷ್ಟೋ ಸೈನಿಕರು ಓದುಬರಹ ಕಡಿಮೆಯಿದ್ದವರು. ಅವರು ದಿನಚರಿ ಬರೆಯಲಿಲ್ಲ, ಪತ್ರಗಳನ್ನು ಉಳಿಸಲಿಲ್ಲ. ಮಕ್ಕಳ ಮುಂದೆ ಹೇಳಿದ ಮಾತೇ ಅವರು ಬಿಟ್ಟುಹೋದ ದಾಖಲೆ. ಭಾರತದ 4, 8 ಮತ್ತು 10ನೆಯ ಡಿವಿಜನ್‌ಗಳು ಇಟಲಿಯಲ್ಲಿ ಹೋರಾಡಿದ್ದು ಇತಿಹಾಸ. ಸ್ಯಾಪರ್‌ಗಳು ನೆಲಬಾಂಬು ತೆಗೆದು, ಸೇತುವೆ ಕಟ್ಟಿ ದಾರಿ ಮಾಡಿಕೊಟ್ಟವರು. 1944ರ ಫೆಬ್ರುವರಿಯಲ್ಲಿ ಇಟಲಿಯಲ್ಲಿ ನೆಲಬಾಂಬಿನ ಮೇಲೆ ತಾವೇ ಬಿದ್ದು ಜೊತೆಗಾರರನ್ನು ಉಳಿಸಿದ ಸುಬೇದಾರ್ ಸುಬ್ರಮಣಿಯನ್ ಇದೇ ಮದ್ರಾಸ್ ಸ್ಯಾಪರ್ಸ್‌ನವರು. ಅವರಿಗೆ ಮರಣೋತ್ತರವಾಗಿ ಜಾರ್ಜ್ ಕ್ರಾಸ್ ಸಂದಿತು. ಅಂಥ ಪಡೆಯವರೊಬ್ಬರ ಮನೆಯಲ್ಲಿ ಜರ್ಮನ್ ವಸ್ತುವೊಂದು ಇದ್ದರೆ ಅದರಲ್ಲಿ ಆಶ್ಚರ್ಯವೇನು?

ಮೊಮ್ಮಗ ಅವರೇ, ಪದಕಗಳನ್ನು ನೋಡಿ. ಕೆಂಪು, ಬಿಳಿ, ಹಸಿರು, ಬಿಳಿ, ಕೆಂಪು ಪಟ್ಟಿಗಳ ರಿಬ್ಬನ್ ಇರುವ ತಾರೆ ಇದ್ದರೆ ಅದು ಇಟಲಿ ಸ್ಟಾರ್. ಭಾರತೀಯ ಸೈನಿಕರಿಗೆ ಕೊಟ್ಟ ಅನೇಕ ತಾರೆಗಳ ಹಿಂಬದಿಯಲ್ಲಿ ಹೆಸರೂ ಸಂಖ್ಯೆಯೂ ಒತ್ತಿರುತ್ತವೆ.

ಒರೆಗಲ್ಲು

ಹವಾಲ್ದಾರ್ ಸಾಹೇಬರೇ, ತಮ್ಮ ಮಾತಿನ ಮೇಲೆ ನನಗೆ ಪೂರ್ಣ ಗೌರವವಿದೆ. ಪದಕ ನೋಡಬೇಕೆಂಬ ಸಲಹೆ ಅತ್ಯುತ್ತಮ. ಆದರೆ ಅಜ್ಜ ಇಟಲಿಯಲ್ಲಿದ್ದರು ಎಂಬುದನ್ನು ಪದಕ ಸಾಬೀತುಪಡಿಸುತ್ತದೆಯೇ ಹೊರತು, ಈ ಬಾಕು ಇಟಲಿಯಿಂದ ಬಂತು ಎಂಬುದನ್ನಲ್ಲ. ಎರಡೂ ಒಂದೇ ಟ್ರಂಕಿನಲ್ಲಿದ್ದವೆಂಬ ಕಾರಣಕ್ಕೆ ಒಂದರ ಸತ್ಯ ಇನ್ನೊಂದಕ್ಕೆ ಅಂಟುವುದಿಲ್ಲ. ಅಜ್ಜನ ಸೇವೆ ನಿಜವಾಗಿದ್ದು, ಬಾಕು 1960ರ ದಶಕದಲ್ಲಿ ಯಾರೋ ಕೊಟ್ಟ ಉಡುಗೊರೆಯಾಗಿರಲೂ ಸಾಧ್ಯ. ಅದರಿಂದ ಅಜ್ಜನ ಗೌರವಕ್ಕೆ ಎಳ್ಳಷ್ಟೂ ಕುಂದಿಲ್ಲ.

ಎರಕದ ಮನೆ, ಬೆಳಗಾವಿ

ಲೋಹದ ವಿಚಾರವಾದ್ದರಿಂದ ನಾನೂ ಎರಡು ಮಾತು ಸೇರಿಸುತ್ತೇನೆ. ನಮ್ಮದು ಫೌಂಡ್ರಿ ಕೆಲಸ. ಹಳೆಯ ಕತ್ತಿ, ಬಾಕುಗಳ ಮೇಲಿನ ಪ್ರೀತಿ ಬೇರೆ.

ನಕಲಿ ಕಿರುಬಾಕುಗಳಲ್ಲಿ ಹೆಚ್ಚಿನವು ಒಂದು ಅಸಲಿಯನ್ನೋ ಇನ್ನೊಂದು ನಕಲಿಯನ್ನೋ ಇಟ್ಟು, ಅದರ ಸುತ್ತ ರಬ್ಬರಿನ ಅಚ್ಚು ತೆಗೆದು, ಸುಲಭವಾಗಿ ಕರಗುವ ಲೋಹ ಸುರಿದು ಮಾಡಿದವು. ಹಾಗೆ ಮಾಡಿದಾಗ ಮೂರು ಗುರುತುಗಳು ಉಳಿಯುತ್ತವೆ. ಲೋಹ ತಣ್ಣಗಾಗುವಾಗ ಕುಗ್ಗುವುದರಿಂದ ನಕಲು ಮೂಲಕ್ಕಿಂತ ಸ್ವಲ್ಪ ಚಿಕ್ಕದಾಗುತ್ತದೆ. ಈ ವ್ಯತ್ಯಾಸ ಕಣ್ಣಿಗೆ ಕಾಣದು, ವರ್ನಿಯರ್ ಕ್ಯಾಲಿಪರ್‌ಗೆ ಸಿಗುತ್ತದೆ. ಕೆತ್ತನೆಯ ಅಂಚುಗಳು ಬಹಳ ದಿನ ಉಜ್ಜಿದ ಸೋಪಿನ ಮೇಲಿನ ಅಕ್ಷರದಂತೆ ಮೊಂಡಾಗುತ್ತವೆ. ಗುಳಿಗಳ ತಳದಲ್ಲಿ ಗಾಳಿ ಸಿಕ್ಕಿಹಾಕಿಕೊಂಡ ಸೂಜಿಮೊನೆಯಷ್ಟು ತೂತುಗಳೋ, ಮೇಲೆ ಸಾಸಿವೆಗಿಂತ ಸಣ್ಣ ಗುಂಡುಗಳೋ ಕಾಣುತ್ತವೆ. ಉಕ್ಕಿನ ಅಚ್ಚಿನಿಂದ ಒತ್ತಿ ತೆಗೆದ ಹಳೆಯ ಕೆಲಸದಲ್ಲಿ ಇವು ಇರುವುದಿಲ್ಲ. ರೆಕ್ಕೆಯ ಗರಿಗಳ ನಡುವಿನ ಗೆರೆ ಚೂಪಾಗಿ, ತಳ ನುಣುಪಾಗಿ ಇರುತ್ತದೆ.

ಅಳತೆಯ ವಿಷಯದಲ್ಲಿ ಒರೆಗಲ್ಲು ಅವರ ಮಾತನ್ನು ಇಲ್ಲಿ ನೆನಪಿಡಬೇಕು. ಸರ್ಕಾರಿ ಅಳತೆ ಇರಲಿಲ್ಲವಾದ್ದರಿಂದ, ಅದೇ ಸಂಸ್ಥೆಯ ಅದೇ ಮಾದರಿಯ ನಂಬಿಕಸ್ಥ ಕಿರುಬಾಕಿನ ಜೊತೆಗೆ ಮಾತ್ರ ಹೋಲಿಸಿ. ಬೇರೆ ಸಂಸ್ಥೆಯದರ ಜೊತೆ ಹೋಲಿಸಿ ಗಾಬರಿಯಾಗಬೇಡಿ.

ಅವೆನ್ಯೂ ರಸ್ತೆ

ಅಯಸ್ಕಾಂತ ಇಟ್ಟು ನೋಡಿದರೆ ಸಾಕಲ್ಲವೇ? ಅಂಟದಿದ್ದರೆ ಸತುವಿನ ಎರಕ, ಅಂದರೆ ನಕಲಿ. ಸಂಡೇ ಬಜಾರಿನಲ್ಲಿ ನಾವೆಲ್ಲ ನೋಡುವುದು ಹಾಗೆಯೇ.

ಎರಕದ ಮನೆ, ಬೆಳಗಾವಿ

ಸಾಲದು, ಸ್ವಾಮಿ. ಅಡ್ಡಪಟ್ಟಿ ಹಿತ್ತಾಳೆಯದಾಗಿದ್ದರೂ ಅಯಸ್ಕಾಂತ ಹಿಡಿಯುವುದಿಲ್ಲ, ಅಲ್ಯೂಮಿನಿಯಮ್ ಆಗಿದ್ದರೂ ಹಿಡಿಯುವುದಿಲ್ಲ. ಸತುವಿನ ಮಿಶ್ರಲೋಹವೇನೂ ಇಂದಿನದಲ್ಲ. ಜಮಾಕ್ ಎಂದು ನಾವು ಕರೆಯುವ ಮಿಶ್ರಲೋಹ 1929ರಿಂದಲೇ ಇದೆ. ಹಿತ್ತಾಳೆ, ತಾಮ್ರಗಳು ಯುದ್ಧಸಾಮಗ್ರಿಗೆ ಬೇಕಾದಾಗ ಸೋಲಿಂಗೆನ್‌ನ ಪೂರ್ಣ ಗಾತ್ರದ ಬಾಕುಗಳಿಗೇ ಸತುವಿನ ಬಿಡಿಭಾಗಗಳು ಬಂದವು. ಸತುವಿನ ಮೇಲಿನ ಹಳೆಯ ಲೇಪ ಸಣ್ಣ ಸಣ್ಣ ಬೊಬ್ಬೆಗಳಾಗಿ ಏಳುತ್ತದೆ, ಬೊಬ್ಬೆ ಒಡೆದಲ್ಲಿ ಬೂದು ಬಣ್ಣ ಕಾಣುತ್ತದೆ. ಅಂಥ ಬೊಬ್ಬೆ ವಯಸ್ಸಿನ ಲಕ್ಷಣವೇ ಆಗಿರಬಹುದು. ಸತು ಎಂದ ಕೂಡಲೇ ನಕಲಿ ಎನ್ನುವವರು ಎಷ್ಟೋ ಒಳ್ಳೆಯ ವಸ್ತುಗಳನ್ನು ಗುಜರಿಗೆ ಕಳುಹಿಸಿದ್ದಾರೆ.

ಲೋಹ ಯಾವುದೆಂದು ಖಚಿತವಾಗಿ ತಿಳಿಯಬೇಕಾದರೆ ಬಿಡಿಭಾಗವನ್ನು ಗಾಳಿಯಲ್ಲೊಮ್ಮೆ, ನೀರಿನಲ್ಲಿ ತೂಗುಬಿಟ್ಟು ಒಮ್ಮೆ ತೂಕ ಮಾಡಿ ಸಾಂದ್ರತೆ ಲೆಕ್ಕಹಾಕಿ. ಸತು 7.1ರ ಹತ್ತಿರ, ಉಕ್ಕು 7.8ರ ಹತ್ತಿರ, ಹಿತ್ತಾಳೆ 8.5ರ ಆಸುಪಾಸು, ಬೆಳ್ಳಿ 10.5, ಅಲ್ಯೂಮಿನಿಯಮ್ 2.7. ಬಿಚ್ಚಲು ಬಾರದಿದ್ದರೆ ಮಾತ್ರ ಈ ಪರೀಕ್ಷೆ ಬೇಡ. ಹಿಡಿಯೊಳಗೆ ನೀರು ಹೋದರೆ ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ.

ಹಲಸೂರಿನ ಮೊಮ್ಮಗ

ಎಲ್ಲರಿಗೂ ಕೃತಜ್ಞತೆಗಳು. ಇಟಲಿ ಸ್ಟಾರ್ ಇದೆ, ಹಿಂಬದಿಯಲ್ಲಿ ಅಜ್ಜನ ಹೆಸರೂ ಇದೆ. ಹವಾಲ್ದಾರ್ ಸಾಹೇಬರಿಗೆ ನಮ್ಮ ಮನೆಯವರೆಲ್ಲರ ನಮಸ್ಕಾರಗಳು.

ಮಸೂರದಲ್ಲಿ ಕಂಡದ್ದು ಹೀಗಿದೆ. ಹದ್ದಿನ ಎದೆಯ ಮೇಲಿನ ಲೇಪ ಸವೆದು ಒಳಗಿನ ಹಳದಿ ಲೋಹ ಕಾಣುತ್ತದೆ. ರೆಕ್ಕೆಯ ಗುಳಿಗಳಲ್ಲಿ ಮಾತ್ರ ಬೆಳ್ಳಿಬಣ್ಣ ಉಳಿದಿದೆ. ಗರಿಗಳ ಗೆರೆ ಎಡ ರೆಕ್ಕೆಯಲ್ಲಿ ಸ್ಪಷ್ಟ, ಬಲ ರೆಕ್ಕೆಯಲ್ಲಿ ಸ್ವಲ್ಪ ಮಸುಕು. ತೂತುಗಳು ಕಾಣಲಿಲ್ಲ. ಅಳಿಲಿನ ಮುದ್ರೆಯ ಗೆರೆಗಳ ತಳ ಒರಟಾಗಿ, ಬೂದು ಬಣ್ಣದಲ್ಲಿದೆ. ಅಂಚು ಅಲ್ಲಲ್ಲಿ ಅಂಕುಡೊಂಕಾಗಿದೆ. ಅಲಗಿನ ಇನ್ನೊಂದು ಬದಿಯಲ್ಲಿ ಬರಹವೇನೂ ಇಲ್ಲ. ಹಿಡಿ ಅಡ್ಡಪಟ್ಟಿಯನ್ನು ಸೇರುವಲ್ಲಿ ಕಂದು ಬಣ್ಣದ ಅಂಟು ಸ್ವಲ್ಪ ಹೊರಬಂದಿದೆ.

ಒರೆಗಲ್ಲು

ಬಹಳ ಚೆನ್ನಾಗಿ ನೋಡಿದ್ದೀರಿ. ಒಂದೊಂದಾಗಿ ತೆಗೆದುಕೊಳ್ಳೋಣ.

ಎದೆಯ ಮೇಲೆ ಸವೆತ, ಗುಳಿಯಲ್ಲಿ ಲೇಪ: ಇದು ಸಹಜವಾದ ಸವೆತ. ಕೈ ತಾಗುವುದು, ಬಟ್ಟೆ ಉಜ್ಜುವುದು ಉಬ್ಬಿದ ಭಾಗಕ್ಕೆ. ಕೃತಕವಾಗಿ ಹಳತುಗೊಳಿಸಿದವರು ಹೆಚ್ಚಾಗಿ ಆಮ್ಲದಲ್ಲಿ ಅದ್ದುತ್ತಾರೆ, ಇಲ್ಲವೇ ಗುಳಿಗಳಿಗೆ ಕಪ್ಪು ಬಣ್ಣ ತುಂಬುತ್ತಾರೆ. ಆಗ ಸವೆತ ಎಲ್ಲ ಕಡೆಯೂ ಒಂದೇ ಸಮನಾಗಿರುತ್ತದೆ, ಬೆರಳು ಎಂದೂ ತಾಗದ ಮೂಲೆಯಲ್ಲೂ ಇರುತ್ತದೆ. ಒಳಗೆ ಹಿತ್ತಾಳೆಯಿರುವುದೂ ನಿಮ್ಮ ಪರವಾಗಿಯೇ ಇದೆ.

ಮುದ್ರೆಯ ತಳ ಒರಟಾಗಿರುವುದು ಆಮ್ಲದಿಂದ ಕೊರೆದದ್ದರ ಲಕ್ಷಣ. ಹಳೆಯ ಸಂಸ್ಥೆಗಳ ಅಲಗುಗಳಲ್ಲಿ ಮುದ್ರೆಗಳು ಹೆಚ್ಚಾಗಿ ಹೀಗೇ ಬರುತ್ತವೆ. ಈಚಿನ ಲೇಸರ್ ಕೆತ್ತನೆಯಲ್ಲಿ ಗೆರೆಗಳು ಯಂತ್ರದಷ್ಟೇ ನೇರವಾಗಿರುತ್ತವೆ, ಅಂಚಿನಲ್ಲಿ ಸುಟ್ಟ ಬಣ್ಣವೋ ಮೆಟ್ಟಿಲು ಮೆಟ್ಟಿಲಾದ ಗುರುತೋ ಕಾಣುತ್ತದೆ. ಐಕ್‌ಹಾರ್ನ್ ಸಂಸ್ಥೆ ತನ್ನ ಅಳಿಲನ್ನು ಕಾಲಕಾಲಕ್ಕೆ ಬದಲಾಯಿಸಿದೆ; ಅಳಿಲಿನ ಸುತ್ತ ಅಂಡಾಕಾರದ ಗೆರೆ ಇದೆಯೇ, ಅಕ್ಷರಗಳು ಏನೆಂದಿವೆ ಎಂಬುದನ್ನು ತಿಳಿಸಿದರೆ ಕಾಲವನ್ನು ಇನ್ನಷ್ಟು ಕಿರಿದುಗೊಳಿಸಬಹುದು. ಆದರೆ ಆಮ್ಲದ ಕೊರೆತವನ್ನು ಇವತ್ತೂ ಮಾಡಬಹುದೆಂಬುದನ್ನು ಮರೆಯಬೇಡಿ.

ಇನ್ನು ಅಂಟು. ನನಗೆ ತೊಂದರೆ ಕೊಡುತ್ತಿರುವುದು ಅದೇ.

ರಸಾಯನದ ಮೇಷ್ಟ್ರು

ಅಂಟಿನ ಬಗ್ಗೆ ನಾನು ಹೇಳಬೇಕಾದ್ದಿದೆ. ನಾವೆಲ್ಲ ಅರಾಲ್ಡೈಟ್ ಎಂದು ಕರೆಯುವ ಎಪಾಕ್ಸಿ ಅಂಟು ಮಾರುಕಟ್ಟೆಗೆ ಬಂದದ್ದೇ 1946ರಲ್ಲಿ. ಹಿಡಿಯೊಳಗೆ ಮೂಲ ಜೋಡಣೆಯ ಎಪಾಕ್ಸಿ ಇದ್ದರೆ ಯುದ್ಧಕ್ಕೆ ಮೊದಲು ಜೋಡಿಸಿದ್ದಾಗಲು ಸಾಧ್ಯವೇ ಇಲ್ಲ. ಬಣ್ಣ ಕಂದಾಗಿದೆಯೆಂದು ಹೇಳಿದ್ದೀರಿ. ಹಳೆಯ ಪ್ರಾಣಿಜನ್ಯ ಅಂಟೂ ಕಂದೇ, ಅರಗು ಬೆರೆತ ಅಂಟೂ ಕಂದೇ, ಹಳೆಯದಾದ ಎಪಾಕ್ಸಿಯೂ ಹಳದಿ ತಿರುಗಿ ಕಂದಾಗುತ್ತದೆ. ಹೊರಬಂದ ಅಂಟಿನ ಚೂರಿಗೆ ಬಿಸಿನೀರಿನಲ್ಲಿ ಅದ್ದಿದ ಹತ್ತಿಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ. ಪ್ರಾಣಿಜನ್ಯ ಅಂಟು ಮೆತ್ತಗಾಗಿ ಜಿಗುಟಾಗುತ್ತದೆ. ಅರಗು ನೀರಿಗೆ ಕರಗದು, ಸ್ಪಿರಿಟ್ಟಿಗೆ ಕರಗುತ್ತದೆ. ಎರಡಕ್ಕೂ ಜಗ್ಗದಿದ್ದರೆ ಎಪಾಕ್ಸಿಯೆಂಬ ಶಂಕೆ ಬಲವಾಗುತ್ತದೆ. ಸ್ಪಿರಿಟ್ಟನ್ನು ಹಿಡಿಗೆ ಮಾತ್ರ ತಾಗಿಸಬೇಡಿ, ಕಾರಣ ಹೇಳುತ್ತೇನೆ.

ಆ ಕಾಲದ ಹಳದಿ ಹಿಡಿಗಳು ಹಲವೆಡೆ ಸೆಲ್ಯುಲಾಯ್ಡ್ ಎಂಬ ಹಳೆಯ ಪ್ಲಾಸ್ಟಿಕ್ಕಿನವು. ಮೊದಲು ಬಿಳಿಯಾಗಿದ್ದು ವರ್ಷಗಳು ಕಳೆದಂತೆ ಕಿತ್ತಳೆ ಹಳದಿಗೆ ತಿರುಗುತ್ತವೆ, ಸ್ವಲ್ಪ ಕುಗ್ಗುತ್ತವೆ. ಕುಗ್ಗಿದಾಗ ಹಿಡಿಗೂ ಅಡ್ಡಪಟ್ಟಿಗೂ ನಡುವೆ ಕೂದಲೆಳೆಯಷ್ಟು ಸಂದು ಬೀಳುತ್ತದೆ. ಹೆಬ್ಬೆರಳಿನಿಂದ ಬಿಸಿಯಾಗುವಷ್ಟು ಉಜ್ಜಿ ಮೂಸಿ ನೋಡಿ, ಸೆಲ್ಯುಲಾಯ್ಡಾದರೆ ಕರ್ಪೂರದ ವಾಸನೆ ಬರುತ್ತದೆ. ಅದನ್ನು ತಯಾರಿಸುವುದೇ ಕರ್ಪೂರ ಬೆರೆಸಿ. ಕಾದ ಸೂಜಿ ಚುಚ್ಚಿ ನೋಡಬೇಕೆಂದು ಕೆಲವರು ಸಲಹೆ ಕೊಡುತ್ತಾರೆ. ದಯವಿಟ್ಟು ಯಾರೂ ಅದನ್ನು ಮಾಡಬೇಡಿ. ಸೆಲ್ಯುಲಾಯ್ಡ್ ಎಂದರೆ ನೈಟ್ರೇಟ್ ಆದ ಸೆಲ್ಯುಲೋಸ್. ಅದು ಭಗ್ಗನೆ ಹತ್ತಿಕೊಳ್ಳುತ್ತದೆ, ಅಸಲಿಯಾಗಿದ್ದ ವಸ್ತುವನ್ನು ಅಸಲಿಯೆಂದು ತಿಳಿಯುವ ಹೊತ್ತಿಗೆ ಸುಟ್ಟುಹಾಕಿರುತ್ತೀರಿ. ಸ್ಪಿರಿಟ್ಟು, ಅಸಿಟೋನು ತಾಗಿದರೂ ಅದರ ಮೇಲ್ಮೈ ಹಾಳಾಗುತ್ತದೆ.

ಅವೆನ್ಯೂ ರಸ್ತೆ

ಎಪಾಕ್ಸಿ ಇದ್ದರೂ ನಕಲಿಯೇ ಆಗಬೇಕೆಂದಿಲ್ಲ. ಸಡಿಲವಾದ ಹಿಡಿಯನ್ನು ಅಜ್ಜನೋ ಮಾವನೋ 1970ರಲ್ಲಿ ಅರಾಲ್ಡೈಟ್ ಹಾಕಿ ಕೂರಿಸಿರಬಹುದಲ್ಲವೇ? ನಮ್ಮ ಮನೆಗಳಲ್ಲಿ ಮುರಿದದ್ದನ್ನೆಲ್ಲ ಅಂಟಿಸುವುದು ಅದರಿಂದಲೇ.

ಒರೆಗಲ್ಲು

ಈ ಮಾತಿಗೆ ನನ್ನ ಸಂಪೂರ್ಣ ಸಮ್ಮತಿಯಿದೆ. ದುರಸ್ತಿಯ ಅಂಟು ಬೇರೆ, ತಯಾರಿಕೆಯ ಅಂಟು ಬೇರೆ. ವ್ಯತ್ಯಾಸ ತಿಳಿಯಬೇಕಾದರೆ ಅಡ್ಡಪಟ್ಟಿಯ ನಡುವಿನ ತೂತನ್ನು ನೋಡಬೇಕು. ಅಲಗಿನ ಬಾಲ ತೂರುವ ಆ ತೂತನ್ನು ಹಳೆಯ ಕೆಲಸಗಾರ ಅರದಿಂದ ಉಜ್ಜಿ, ಅಲಗಿಗೆ ಸರಿಯಾಗಿ ಕೂರುವಂತೆ ಮಾಡುತ್ತಿದ್ದ. ಅರದ ಗೀರುಗಳು ಒಳಗೋಡೆಯಲ್ಲಿ ಉಳಿದಿರುತ್ತವೆ. ಅಗ್ಗದ ನಕಲಿನಲ್ಲಿ ತೂತು ದೊಡ್ಡದಾಗಿದ್ದು, ಖಾಲಿ ಜಾಗವನ್ನು ಅಂಟಿನಿಂದಲೇ ತುಂಬಿರುತ್ತಾರೆ. ಅಂಟು ಆಧಾರವಾಗಿ ನಿಂತಿದೆಯೋ, ಸಂದಿಗೆ ಮಾತ್ರ ಹರಿದಿದೆಯೋ ಎಂಬುದು ಇಲ್ಲಿ ಮುಖ್ಯ. ಆದರೆ ಅದಕ್ಕಾಗಿ ಹಿಡಿಯನ್ನು ಬಲವಂತವಾಗಿ ತಿರುಗಿಸಬೇಡಿ. ಹಿಡಿಯ ಕೊನೆಯಲ್ಲಿರುವ ತುದಿಗುಬ್ಬಿ ತಾನಾಗಿ ತಿರುಗಿದರೆ ಮಾತ್ರ ಬಿಚ್ಚಿ.

ರೈನ್ ತೀರದ ಕನ್ನಡತಿ

ನಾನು ಇರುವುದು ಸೋಲಿಂಗೆನ್‌ಗೆ ಸಮೀಪದ ಊರಿನಲ್ಲಿ. ಅಲ್ಲಿನ ಗ್ರೇಫ್ರಾತ್ ಭಾಗದಲ್ಲಿ ಹಿಂದೆ ಸನ್ಯಾಸಿನಿಯರ ಮಠವಾಗಿದ್ದ ಕಟ್ಟಡದಲ್ಲಿ ಜರ್ಮನ್ ಅಲಗುಗಳ ವಸ್ತುಸಂಗ್ರಹಾಲಯವಿದೆ. ಕತ್ತಿಯ ಕುಶಲಕರ್ಮಿಗಳು ಶತಮಾನಗಳ ಕಾಲ ಎಷ್ಟು ವಿಭಾಗಗಳಾಗಿ ಕೆಲಸ ಮಾಡುತ್ತಿದ್ದರೆಂಬುದು ಅಲ್ಲಿ ಹೋದರೆ ಅರ್ಥವಾಗುತ್ತದೆ: ಕಾಯಿಸಿ ಬಡಿಯುವವನು ಒಬ್ಬ, ಸಾಣೆ ಹಿಡಿಯುವವನು ಇನ್ನೊಬ್ಬ, ಹಿಡಿ ಕೂರಿಸುವವನು ಮತ್ತೊಬ್ಬ. ಬಿಡಿಭಾಗಗಳು ಮನೆಯಿಂದ ಮನೆಗೆ, ಕಾರ್ಖಾನೆಯಿಂದ ಕಾರ್ಖಾನೆಗೆ ಓಡಾಡುತ್ತಿದ್ದವು. ಆದ್ದರಿಂದ ಒಂದು ಸಂಸ್ಥೆಯ ಮುದ್ರೆಯಿರುವ ಅಲಗಿಗೆ ಇನ್ನೊಂದರಂಥ ಹಿಡಿ ಕಂಡರೆ ಅದೊಂದರಿಂದಲೇ ನಕಲಿಯೆಂದು ಹೇಳಲಾಗದು.

ಮುದ್ರೆಯ ಅಕ್ಷರಗಳಿಂದ ಕಾಲ ತಿಳಿಯಲು ಒಂದೆರಡು ಆಧಾರಗಳಿವೆ. ಸೋಲಿಂಗೆನ್ ಎಂಬ ಹೆಸರಿಗೆ 1938ರಲ್ಲಿ ಕಾನೂನಿನ ರಕ್ಷಣೆ ಬಂತು. ಅಲ್ಲಿ ತಯಾರಾಗದ ವಸ್ತುವಿಗೆ ಆ ಹೆಸರು ಹಾಕುವಂತಿಲ್ಲ. ಆದರೆ ಅದಕ್ಕೆ ಬಹಳ ಮೊದಲಿನಿಂದಲೂ ಆ ಹೆಸರನ್ನು ಹಾಕುತ್ತಲೇ ಬಂದಿದ್ದರು, ಹಾಗಾಗಿ ಹೆಸರಿದೆಯೆಂದ ಮಾತ್ರಕ್ಕೆ 1938ರ ಅನಂತರದ್ದೆಂದು ತಿಳಿಯಬೇಡಿ. ಪಶ್ಚಿಮ ಜರ್ಮನಿ ಎಂದು ಇಂಗ್ಲಿಷಿನಲ್ಲಿ ಒತ್ತಿದ್ದರೆ ಮಾತ್ರ ವಾದಕ್ಕೆ ಅವಕಾಶವೇ ಇಲ್ಲ. ಆ ದೇಶ ಹುಟ್ಟಿದ್ದೇ 1949ರಲ್ಲಿ. ಬರೀ ಜರ್ಮನಿ ಎಂದು ಇಂಗ್ಲಿಷಿನಲ್ಲಿದ್ದರೆ ರಫ್ತಿಗೆ ಮಾಡಿದ್ದೆಂದು ಊಹಿಸಬಹುದು, ಏಕೆಂದರೆ ಆಮದಾಗುವ ಸರಕಿನ ಮೇಲೆ ದೇಶದ ಹೆಸರು ಇಂಗ್ಲಿಷಿನಲ್ಲಿರಬೇಕೆಂಬ ನಿಯಮ ಅಮೆರಿಕೆಯಲ್ಲಿ 1890ರ ಸುಂಕದ ಕಾಯ್ದೆಯಿಂದಲೇ ಬಂತು.

ಇನ್ನೊಂದು ಗಂಭೀರ ವಿಷಯ. ನಾಜಿ ಸ್ವಸ್ತಿಕವನ್ನು ಸಾರ್ವಜನಿಕವಾಗಿ ಪ್ರದರ್ಶಿಸುವುದು ಜರ್ಮನಿಯಲ್ಲಿ ದಂಡಸಂಹಿತೆಯ 86ಎ ವಿಧಿಯಂತೆ ಅಪರಾಧ. ಸಂಶೋಧನೆ, ಶಿಕ್ಷಣ, ಕಲೆ ಮುಂತಾದವಕ್ಕೆ ವಿನಾಯಿತಿಯಿದೆ. ಆದ್ದರಿಂದ ಯುದ್ಧಾನಂತರ ಜರ್ಮನಿಯಲ್ಲಿ ಬಹಿರಂಗವಾಗಿ ಮಾರಿದ ಸ್ಮರಣಿಕೆಗಳಲ್ಲಿ ಆ ಚಿಹ್ನೆ ಇರುವುದಿಲ್ಲ ಅಥವಾ ಅರದಿಂದ ಉಜ್ಜಿಹೋಗಿರುತ್ತದೆ. ಮೊಮ್ಮಗ ಅವರು ಪ್ರವಾಸದಲ್ಲಿ ಇದನ್ನು ಇಲ್ಲಿಗೆ ತರುವ ಯೋಚನೆ ಮಾಡದಿರುವುದೇ ಒಳ್ಳೆಯದು.

ಹೆಬ್ಬಾಳದ ಓದುಗ

ಇಷ್ಟೆಲ್ಲ ಚರ್ಚೆ ಓದಿದ ಮೇಲೆ ಒಂದು ಪ್ರಶ್ನೆ ಕೇಳಲೇಬೇಕು. ಲಕ್ಷಾಂತರ ಜನರನ್ನು ಕೊಂದ ಆಡಳಿತದ ಚಿಹ್ನೆಯಿರುವ ವಸ್ತುವನ್ನು ಇಷ್ಟು ಪ್ರೀತಿಯಿಂದ ಸಂಗ್ರಹಿಸಬೇಕೇ?

ನಿವೃತ್ತ ಹವಾಲ್ದಾರ್

ಆ ಆಡಳಿತವನ್ನು ಸೋಲಿಸಲು ಹೋದವರ ಟ್ರಂಕಿನಲ್ಲಿ ಸಿಕ್ಕ ವಸ್ತು ಇದು. ಅದನ್ನು ಪೂಜೆಗಿಡಲು ಯಾರೂ ಹೇಳುತ್ತಿಲ್ಲ. ಗೆದ್ದವರು ತಂದ ಗುರುತಾಗಿ ಪದಕಗಳ ಪಕ್ಕದಲ್ಲಿ ವಿವರಣೆಯೊಡನೆ ಇಟ್ಟರೆ ತಪ್ಪೇನೂ ಇಲ್ಲ. ಆದರೆ ಚಿಹ್ನೆಯ ಮೋಹಕ್ಕೆ ಕೊಳ್ಳುವವರಿದ್ದಾರೆ ಎಂಬುದೂ ನಿಜ, ಬೆಲೆ ಏರುವುದೂ ನಕಲು ಹುಟ್ಟುವುದೂ ಬಹುಪಾಲು ಅವರಿಂದಲೇ.

ಕೊಡಗಿನ ಕಾಫಿತೋಟ

ನಮ್ಮ ಪೀಚೆಕತ್ತಿಯ ವಿಷಯದಲ್ಲೂ ಇದೇ ಸಮಸ್ಯೆ ಇರುವುದರಿಂದ ಬರೆಯುತ್ತಿದ್ದೇನೆ. ಉಡುಗೊರೆಗೆಂದು ಮಾಡುವ ಬೆರಳುದ್ದದ ಪೀಚೆಕತ್ತಿ, ಒಡಿಕತ್ತಿಗಳು ಅಂಗಡಿಗಳಲ್ಲಿ ಸಿಗುತ್ತವೆ; ಅವುಗಳಲ್ಲಿ ತಪ್ಪೇನೂ ಇಲ್ಲ, ಹೊಸತೆಂದೇ ಮಾರುತ್ತಾರೆ. ಅವನ್ನು ಹೊರಗಿನವರು ಕೊಂಡು, ಹೊಗೆ ಹಿಡಿಸಿ, ರಾಜರ ಕಾಲದ್ದೆಂದು ಹೆಚ್ಚಿನ ಬೆಲೆಗೆ ಕೈ ಬದಲಾಯಿಸುವುದೇ ನೋವಿನ ಸಂಗತಿ. ಹಳೆಯ ಪೀಚೆಕತ್ತಿಯ ಒರೆಯ ಸರಪಳಿಗೆ ಚಿಮಟ, ಕಿವಿಕಡ್ಡಿ ಮುಂತಾದ ಸಣ್ಣ ಉಪಕರಣಗಳು ತೂಗುತ್ತಿರುತ್ತವೆ. ನಿಜವಾಗಿ ಬಳಸಿದ್ದರೆ ಆ ಉಪಕರಣಗಳ ತುದಿ ಸವೆದಿರುತ್ತದೆ, ಬಳೆಗಳು ಉಜ್ಜಿ ಉಜ್ಜಿ ತೆಳುವಾಗಿರುತ್ತವೆ. ಹೊಸದರಲ್ಲಿ ಚಿಮಟದ ಎರಡು ತುದಿಗಳು ಒಂದನ್ನೊಂದು ಮುಟ್ಟುವುದೇ ಇಲ್ಲ.

ಶಿರಸಿಯ ಹುಡುಗ

ನಮ್ಮ ದೊಡ್ಡಪ್ಪನವರ ಮನೆಯಲ್ಲಿ ಹಿತ್ತಾಳೆ ತಾಮ್ರಗಳಿಂದ ಮಾಡಿದ, ಬಾಗಿದ ಖಡ್ಗದ ಆಕಾರದ ಕಾಗದದ ಚಾಕು ಇದೆ. ಹಿಡಿಯಲ್ಲಿ ಬಂದೂಕಿನ ಗುಂಡಿದೆ, ಅಲಗಿನ ಮೇಲೆ ಸೂಯೆಜ್ ಎಂದು ಇಂಗ್ಲಿಷಿನಲ್ಲಿ ಕೊರೆದಿದೆ. ಮೈಸೂರು ಲ್ಯಾನ್ಸರ್ಸ್ ಕುದುರೆ ಪಡೆಯವರು ಮೊದಲನೆಯ ಯುದ್ಧದಿಂದ ತಂದದ್ದೆಂದು ಹೇಳುತ್ತಾರೆ. ಇದೂ ಕಿರುಗತ್ತಿಯೇ ಅಲ್ಲವೇ? ಇದನ್ನು ಹೇಗೆ ನೋಡಬೇಕು?

ಒರೆಗಲ್ಲು

ಖಂಡಿತವಾಗಿಯೂ ಹೌದು, ಮತ್ತು ನನಗೆ ಬಹಳ ಪ್ರಿಯವಾದ ವರ್ಗ ಇದು. ಕಂದಕಗಳಲ್ಲಿ, ಸೇನೆಯ ಕಮ್ಮಟಗಳಲ್ಲಿ, ಸಮೀಪದ ಊರುಗಳಲ್ಲಿ ಫಿರಂಗಿ ಗುಂಡಿನ ಅವಶೇಷಗಳಿಂದ ಮಾಡುತ್ತಿದ್ದ ಕರಕುಶಲ ವಸ್ತುಗಳಿವು. ತಾಮ್ರದ ಭಾಗವನ್ನು ಮಸೂರದಲ್ಲಿ ನೋಡಿ. ಅದು ಫಿರಂಗಿ ಗುಂಡಿನ ಸುತ್ತಲಿನ ತಾಮ್ರದ ಪಟ್ಟಿಯಿಂದ ಮಾಡಿದ್ದಾದರೆ, ನಳಿಗೆಯ ಒಳಗಿನ ತಿರುಚು ಗೆರೆಗಳು ಒತ್ತಿದ ಓರೆ ಗೀರುಗಳು ಒಂದೇ ಅಂತರದಲ್ಲಿ ಉಳಿದಿರಬಹುದು. ಆ ಗೀರು ಇದ್ದರೆ ಪಟ್ಟಿ ನಿಜವಾಗಿ ಹಾರಿದ ಗುಂಡಿನದು. ಬಡಿದು ಚಪ್ಪಟೆ ಮಾಡಿದವನು ಗೀರನ್ನು ಅಳಿಸಿರಲೂಬಹುದು, ಹಾಗಾಗಿ ಇಲ್ಲದಿದ್ದರೆ ತಿರಸ್ಕರಿಸಬೇಕಿಲ್ಲ.

ಊರಿನ ಹೆಸರಿಗೆ ಮಾತ್ರ ಹೆಚ್ಚು ತೂಕ ಕೊಡಬೇಡಿ. ಬೆಲ್ಜಿಯಂ, ಫ್ರಾನ್ಸುಗಳಲ್ಲಿ 1920ರ ದಶಕದಲ್ಲಿ ರಣಭೂಮಿ ನೋಡಲು ಬಂದ ಬಂಧುಗಳಿಗೆ ಮಾರಲೆಂದೇ ಇಂಥವನ್ನು ರಾಶಿರಾಶಿಯಾಗಿ ಮಾಡಿದರು. ಮೈಸೂರು ಲ್ಯಾನ್ಸರ್ಸ್ ಸೂಯೆಜ್ ಕಾಲುವೆಯ ರಕ್ಷಣೆಯಲ್ಲಿದ್ದದ್ದು, 1918ರ ಸೆಪ್ಟೆಂಬರ್ 23ರಂದು ಹೈಫಾ ವಶಪಡಿಸಿಕೊಳ್ಳುವಲ್ಲಿ ಜೋಧಪುರದವರ ಜೊತೆಗಿದ್ದದ್ದು ದಾಖಲಾದ ಸಂಗತಿ. ಗುಂಡಿನ ಖಾಲಿ ಕೋಶವೂ ಇದ್ದರೆ ಅದರ ತಳವನ್ನು ನೋಡಿ. ತಯಾರಿಕೆಯ ಗುರುತು, ಕೆಲವೊಮ್ಮೆ ವರ್ಷವೂ ಒತ್ತಿರುತ್ತದೆ. ವರ್ಷ 1930ರ ದಶಕದ್ದಾಗಿದ್ದರೆ ಸೂಯೆಜ್ ಕಥೆ ಅಲ್ಲಿಗೇ ಮುಗಿಯಿತು.

ಅವೆನ್ಯೂ ರಸ್ತೆ

ಬ್ರಿಟಿಷರ ವಿಲ್ಕಿನ್ಸನ್ ಕಿರುಗತ್ತಿಗಳ ಬಗ್ಗೆಯೂ ಹೇಳಿಬಿಡಿ. ವಿಲ್ಕಿನ್ಸನ್ ಕತ್ತಿಗೆ ಸಂಖ್ಯೆ ಇರಲೇಬೇಕು, ಇಲ್ಲದಿದ್ದರೆ ನಕಲಿ ಎಂದು ಮೊನ್ನೆ ಒಬ್ಬರು ವಾದಿಸುತ್ತಿದ್ದರು.

ಒರೆಗಲ್ಲು

ಪೂರ್ಣ ಗಾತ್ರದ ಅಧಿಕಾರಿಗಳ ಕತ್ತಿಯ ನಿಯಮವನ್ನು ಕಾಗದದ ಚಾಕುವಿನ ಮೇಲೆ ಹೇರಿದ್ದಾರೆ. ವಿಲ್ಕಿನ್ಸನ್ ಸಂಸ್ಥೆ ತನ್ನ ಉತ್ತಮ ಕತ್ತಿಗಳನ್ನು ಬಾಗಿಸಿ, ಬಡಿದು ಪರೀಕ್ಷಿಸಿ, ಅಲಗಿನಲ್ಲಿ ಹಿತ್ತಾಳೆಯ ಬಿಲ್ಲೆ ಕೂರಿಸಿ, ಬೆನ್ನಿನ ಮೇಲೆ ಸಂಖ್ಯೆ ಒತ್ತುತ್ತಿತ್ತು. ಕಿರುಗತ್ತಿಯನ್ನು ಬಡಿದು ಪರೀಕ್ಷಿಸುವ ಅಗತ್ಯವೇ ಇರಲಿಲ್ಲ. ಕಿರುಗತ್ತಿಯ ಮೇಲೆ ದೊಡ್ಡ ಕತ್ತಿಯ ಬಿಲ್ಲೆಯನ್ನೂ ಸಂಖ್ಯೆಯನ್ನೂ ಚಿತ್ರಿಸಿದ್ದರೆ ನನಗೆ ಅನುಮಾನ ಹೆಚ್ಚಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಆ ಸಂಸ್ಥೆ ಕತ್ತಿ ತಯಾರಿಕೆಯನ್ನು 2005ರಲ್ಲಿ ನಿಲ್ಲಿಸಿತು; ಅದಾದ ಮೇಲೆ ಬೆಲೆ ಏರಿದ್ದರಿಂದ ಎಚ್ಚರ ಹೆಚ್ಚಿರಬೇಕು.

ಹಲಸೂರಿನ ಮೊಮ್ಮಗ

ಮೇಷ್ಟ್ರು ಹೇಳಿದಂತೆ ಉಜ್ಜಿ ನೋಡಿದೆ, ಕರ್ಪೂರದ ವಾಸನೆ ಸ್ಪಷ್ಟವಾಗಿ ಬಂತು. ಅಂಟು ಬಿಸಿನೀರಿಗೂ ಸ್ಪಿರಿಟ್ಟಿಗೂ ಜಗ್ಗಲಿಲ್ಲ. ತುದಿಗುಬ್ಬಿ ತಿರುಗುವುದಿಲ್ಲ, ಆದ್ದರಿಂದ ಬಿಚ್ಚಿಲ್ಲ. ಅಳಿಲಿನ ಸುತ್ತ ಅಂಡಾಕಾರದ ಗೆರೆ ಇದೆ, ಅದರೊಳಗೆ ಸಂ‌ಸ್ಥೆಯ ಹೆಸರೂ ಊರಿನ ಹೆಸರೂ ಇವೆ.

ಒರೆಗಲ್ಲು

ಹಾಗಾದರೆ ನನ್ನ ಅಭಿಪ್ರಾಯ ಹೀಗೆ. ಅಡ್ಡಪಟ್ಟಿ, ಹಿಡಿ, ಅಲಗು ಮೂರೂ ಆ ಕಾಲದ ಕೆಲಸವೆಂದೇ ತೋರುತ್ತವೆ. ಅಂಡಾಕಾರದ ಗೆರೆಯ ಮುದ್ರೆ 1930ರ ದಶಕದ ಉತ್ತರಾರ್ಧಕ್ಕೆ ಹೊಂದುತ್ತದೆ. ಅಂಟು ಯುದ್ಧಾನಂತರದ್ದು. ಅದು ಮನೆಯಲ್ಲಿ ಮಾಡಿದ ದುರಸ್ತಿಯೋ, 1945ರ ಅನಂತರ ಉಳಿದ ಭಾಗಗಳನ್ನು ಜೋಡಿಸಿದವರ ಕೆಲಸವೋ ಎಂಬುದು ಹಿಡಿ ಬಿಚ್ಚದೆ ತಿಳಿಯದು. ಬಿಚ್ಚಿದರೆ ಸೆಲ್ಯುಲಾಯ್ಡ್ ಬಿರಿಯುವ ಅಪಾಯವಿದೆ. ನಾನಾಗಿದ್ದರೆ ಬಿಚ್ಚುವುದಿಲ್ಲ.

ಎರಕದ ಮನೆ, ಬೆಳಗಾವಿ

ನಾನು ಜೋಡಣೆಯ ಪಕ್ಷಕ್ಕೆ ವಾಲುತ್ತೇನೆ. ಬಲ ರೆಕ್ಕೆಯ ಗರಿಗಳು ಮಸುಕಾಗಿರುವುದು ಅಚ್ಚು ಸರಿಯಾಗಿ ಒತ್ತದ ಭಾಗದ ಲಕ್ಷಣ. ಅಂಥದ್ದನ್ನು ಹೆಸರುವಾಸಿ ಕಾರ್ಖಾನೆ ಸಾಮಾನ್ಯವಾಗಿ ಪಕ್ಕಕ್ಕಿಡುತ್ತದೆ. ಪಕ್ಕಕ್ಕಿಟ್ಟ ಭಾಗಗಳೇ ಯುದ್ಧದ ಅನಂತರ ಜೋಡಣೆಗೆ ಸಿಕ್ಕವು.

ನಿವೃತ್ತ ಹವಾಲ್ದಾರ್

ಬಲ ರೆಕ್ಕೆ ಸವೆದಿರಲೂಬಹುದಲ್ಲ? ಬಲಗೈಯವನು ಹಿಡಿದರೆ ಹೆಬ್ಬೆರಳು ಒಂದೇ ಬದಿಗೆ ತಾಗುತ್ತದೆ.

ಎರಕದ ಮನೆ, ಬೆಳಗಾವಿ

ಸವೆದಿದ್ದರೆ ಅಲ್ಲಿ ಲೇಪವೂ ಹೋಗಿ ಹಳದಿ ಕಾಣಬೇಕು. ಮೊಮ್ಮಗ ಅವರು ಹೇಳಿದಂತೆ ಹಳದಿ ಕಂಡದ್ದು ಎದೆಯ ಮೇಲೆ ಮಾತ್ರ. ಲೇಪ ಉಳಿದಿದ್ದೂ ಗೆರೆ ಮಸುಕಾಗಿದ್ದರೆ ಅದು ಹುಟ್ಟಿನಿಂದಲೇ ಮಸುಕು.

ಹೆಬ್ಬಾಳದ ಓದುಗ

ಇದನ್ನು ಮನೆಯಲ್ಲಿಡಲು ಪರವಾನಗಿ ಬೇಕೇ? ಪುರಾತನ ವಸ್ತುವೆಂದು ನೋಂದಾಯಿಸಬೇಕೇ?

ರೈನ್ ತೀರದ ಕನ್ನಡತಿ

ಭಾರತದ 1972ರ ಪುರಾತನ ವಸ್ತುಗಳ ಕಾಯ್ದೆಯಲ್ಲಿ ಇಂಥ ವಸ್ತುವಿಗೆ ನೂರು ವರ್ಷ ತುಂಬಿರಬೇಕು, ಇದಕ್ಕೆ ತುಂಬಿಲ್ಲ. ಶಸ್ತ್ರ ನಿಯಮಗಳು ಚಾಕುಗಳ ವಿಷಯದಲ್ಲಿ ಅಲಗು 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲವಾಗಿರುವುದನ್ನು ಹೆಸರಿಸುತ್ತವೆ. ಇಡೀ ವಸ್ತುವೇ ಒಂದು ಗೇಣಾದ್ದರಿಂದ ಅಲಗು ಅಷ್ಟಿರಲಾರದು. ಬಾಕು ಎಂಬ ಹೆಸರೇ ಆ ಪಟ್ಟಿಯಲ್ಲಿರುವುದರಿಂದ ಸ್ಥಳೀಯ ಠಾಣೆಯಲ್ಲಿ ಒಮ್ಮೆ ಕೇಳಿಕೊಳ್ಳುವುದು ಕ್ಷೇಮ.

ರಸಾಯನದ ಮೇಷ್ಟ್ರು

ಕೊನೆಗೆ ಜೋಪಾನದ ಮಾತು. ಹಳೆಯ ಸೆಲ್ಯುಲಾಯ್ಡ್ ತಾನಾಗಿ ಕೊಳೆಯುತ್ತ ನೈಟ್ರಿಕ್ ಆಮ್ಲದ ಆವಿ ಬಿಡುತ್ತದೆ. ಆ ಆವಿ ಪಕ್ಕದ ಲೋಹವನ್ನು ತಿನ್ನುತ್ತದೆ. ಆದ್ದರಿಂದ ಬಾಕನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಮುಚ್ಚಬೇಡಿ, ಪದಕಗಳ ಪೆಟ್ಟಿಗೆಯಲ್ಲೂ ಇಡಬೇಡಿ. ಅಲಗನ್ನು ಒರೆಯಿಂದ ಹೊರತೆಗೆದು, ಬರಿಗೈ ತಾಗಿಸದೆ ತೆಳುವಾಗಿ ಯಂತ್ರದೆಣ್ಣೆ ಸವರಿ, ಹತ್ತಿಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ, ಬಿಸಿಲು ಬೀಳದ ತಂಪಾದ ಕಡೆ ಬೇರೆಯಾಗಿಡಿ. ಹಿಡಿಯ ಮೇಲೆ ಬೆವರಿನಂಥ ತೇವವೋ, ಲೋಹದ ಅಂಚಿನಲ್ಲಿ ಹಸಿರು ಕಿಲುಬೋ ಕಂಡರೆ ಕೊಳೆಯಲು ಶುರುವಾಗಿದೆಯೆಂದು ತಿಳಿದು ಕೂಡಲೇ ಇಲ್ಲಿ ತಿಳಿಸಿ.